ಮಡಕೆಯಲ್ಲಿ ಬೆರೆತದ್ದು: ಮನೆಪಾನಗಳ ಚರಿತ್ರೆಯಿಂದ ಕೆಲವು ಪಾಠಗಳು

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿರುವ ಕ್ಯಾತನಹಳ್ಳಿಯ ಸೀಮೆ ಕಬ್ಬು, ಬತ್ತ, ತೆಂಗು ಮತ್ತು ರಾಗಿಯ ಸೀಮೆ. ಈ ನಾಲ್ಕೂ ಮನುಷ್ಯನಿಗೆ ಆಹಾರವಾಗಿವೆ. ಜಗತ್ತಿನ ಒಂದಲ್ಲ ಒಂದು ಭಾಗದಲ್ಲಿ ಮದ್ಯವೂ ಆಗಿವೆ. ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿಯದೆ ಒಂದು ದಿನ ಹಾಗೆಯೇ ಬಿಟ್ಟರೆ ಅದು ನೊರೆಯೆದ್ದು ಹುಳಿಯುತ್ತದೆ. ತೆಂಗಿನ ಹೊಂಬಾಳೆಯಿಂದ ತೊಟ್ಟಿಕ್ಕಿದ ರಸ ಬೆಳಗ್ಗೆ ಸಿಹಿಯಾಗಿದ್ದು ಸಂಜೆಯ ಹೊತ್ತಿಗೆ ಹೆಂಡವಾಗುತ್ತದೆ. ಅಕ್ಕಿಯಿಂದ ಪೂರ್ವ ದೇಶಗಳ ಜನರು ಮದ್ಯ ಮಾಡುತ್ತಾರೆ. ನಮ್ಮ ಊಟದ ರಾಗಿಯಿಂದ ಸಿಕ್ಕಿಂ ಮತ್ತು ನೇಪಾಳದ ಬೆಟ್ಟಗಳ ಜನರು ಚಳಿಗಾಲದ ಪಾನೀಯವನ್ನು ತಯಾರಿಸುತ್ತಾರೆ. ನಮ್ಮಲ್ಲಿ ಅದೇ ರಾಗಿ ರಾತ್ರಿಯಿಡೀ ಹುಳಿತು ಬೆಳಗಿನ ಅಂಬಲಿಯಾಗುತ್ತದೆ.

ಹುಳಿಯುವುದು ಪ್ರಕೃತಿಯ ಕೆಲಸ. ಗಾಳಿಯಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ, ಮಡಕೆಯ ಗೋಡೆಯಲ್ಲಿ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಮನುಷ್ಯನ ಕೈಚಳಕವಿರುವುದು ಆ ಮಡಕೆಗೆ ತಾನಾಗಿ ಏನನ್ನು ಸೇರಿಸುತ್ತಾನೆ ಎಂಬುದರಲ್ಲಿ. ಒಬ್ಬರು ಬೆಲ್ಲ ಹಾಕಿದರು, ಒಬ್ಬರು ಮರದ ತೊಗಟೆ ಹಾಕಿದರು, ಒಬ್ಬರು ಕಹಿ ಹೂವು ಹಾಕಿದರು, ಒಬ್ಬರು ಸುಣ್ಣ ಸವರಿದರು, ಮತ್ತೊಬ್ಬರು ವಿಷವನ್ನೇ ಸುರಿದರು. ಈ ಸೇರ್ಪಡೆಗಳ ಚರಿತ್ರೆ ಕೇವಲ ರುಚಿಯ ಚರಿತ್ರೆಯಲ್ಲ. ಮಾಡುವವನಿಗೂ ಕುಡಿಯುವವನಿಗೂ ಇರುವ ಸಂಬಂಧದ ಚರಿತ್ರೆಯೂ ಹೌದು. ಕ್ರಿಸ್ತಜಯಂತಿಯ ಕಾಲಕ್ಕೆ ದ್ರಾಕ್ಷಿಯ ಭರಣಿಯನ್ನು ಸಿದ್ಧಪಡಿಸುವ ಕುಟುಂಬಗಳು ನಮ್ಮಲ್ಲಿವೆ. ಕುಡಿತದಿಂದ ನೊಂದ ಕುಟುಂಬಗಳೂ ನಮ್ಮಲ್ಲಿವೆ. ಇಬ್ಬರಿಗೂ ಈ ಚರಿತ್ರೆ ಹೇಳುವ ಮಾತುಗಳಿವೆ.

ಮೈಸೂರಿನಲ್ಲಿ ದೊರೆತ ಹಳೆಯ ಪಾಕಪಟ್ಟಿ

ಭಾರತದಲ್ಲಿ ಮದ್ಯ ತಯಾರಿಕೆಯ ಅತಿ ವಿವರವಾದ ಪ್ರಾಚೀನ ದಾಖಲೆಗಳಲ್ಲಿ ಒಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಅವರು 1909ರಲ್ಲಿ ಮೂಲವನ್ನು ಮುದ್ರಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಗ್ರಂಥರೂಪದಲ್ಲಿ ತಂದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಯ ಪಾನಗಳ ವಿವರವಿದೆ.

ಮೇದಕಕ್ಕೆ ನೀರು, ಅಕ್ಕಿ ಮತ್ತು ಕಿಣ್ವ ಬೇಕು. ಕಿಣ್ವವೆಂದರೆ ಹುದುಗು ಬರಿಸುವ ಹೆಪ್ಪು. ಇಂದು ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಎನ್‌ಜೈಮಿಗೆ ಬಳಸುವ ‘ಕಿಣ್ವ’ ಎಂಬ ಪದ ಇದೇ. ಮೈರೇಯದ ವಿವರ ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಮೇಷಶೃಂಗಿ ಎಂಬ ಗಿಡದ ತೊಗಟೆಯ ಕಷಾಯಕ್ಕೆ ಬೆಲ್ಲ ಸೇರಿಸಿ, ಹಿಪ್ಪಲಿ ಮತ್ತು ಮೆಣಸಿನ ಪುಡಿಯನ್ನೋ ತ್ರಿಫಲೆಯನ್ನೋ ಬೆರೆಸಬೇಕು ಎನ್ನುತ್ತದೆ ಶಾಸ್ತ್ರ. ತೊಗಟೆ ಮತ್ತು ಬೆಲ್ಲದ ಈ ಜೋಡಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮುಂದೆ ನಮ್ಮ ನಾಡಿನಲ್ಲಿಯೇ ಮತ್ತೆ ಕಾಣಿಸುತ್ತದೆ.

ಅದೇ ಅಧ್ಯಾಯದಲ್ಲಿ ಮತ್ತೊಂದು ಗಮನಾರ್ಹ ಸಂಗತಿಯಿದೆ. ಮದ್ಯದ ತಯಾರಿಕೆ ಮತ್ತು ಮಾರಾಟ ರಾಜ್ಯದ ಹಿಡಿತದಲ್ಲಿರಬೇಕೆಂದು ವಿಧಿಸುವ ಗ್ರಂಥಕಾರನು ಗೃಹಸ್ಥರಿಗೆ ಒಂದು ವಿನಾಯಿತಿ ನೀಡುತ್ತಾನೆ. ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಅವರು ತಮ್ಮ ಮನೆಯಲ್ಲಿ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಸಡಿಲಿಕೆಯುಂಟು. ಮನೆಯ ಹಬ್ಬದ ಮಡಕೆಗೂ ಮಾರಾಟದ ಮಡಕೆಗೂ ವ್ಯತ್ಯಾಸವಿದೆ ಎಂಬ ಅರಿವು ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಮಠಗಳ ಔಷಧಿತೋಟದಿಂದ

ಯೂರೋಪಿನಲ್ಲಿ ಈ ಕಥೆಯ ಬಹುಭಾಗ ಕ್ರೈಸ್ತ ಮಠಗಳ ಗೋಡೆಗಳೊಳಗೆ ನಡೆಯಿತು. ಸ್ವಿಟ್ಜರ್‌ಲ್ಯಾಂಡಿನ ಸಂತ ಗಾಲ್ ಮಠದಲ್ಲಿ ಇಂದಿಗೂ ಉಳಿದಿರುವ, ಒಂಬತ್ತನೆಯ ಶತಮಾನದ ಆರಂಭಕ್ಕೆ ಸೇರಿದ ಒಂದು ಮಠದ ನಕ್ಷೆಯಲ್ಲಿ ಬಿಯರ್ ತಯಾರಿಸುವ ಮನೆಗಳನ್ನು ರೊಟ್ಟಿ ಸುಡುವ ಮನೆಗಳ ಪಕ್ಕದಲ್ಲಿ ಗುರುತಿಸಲಾಗಿದೆ. ಅತಿಥಿಗಳಿಗೆ, ಯಾತ್ರಿಕರಿಗೆ, ಮಠದ ಸನ್ಯಾಸಿಗಳಿಗೆ ಪ್ರತ್ಯೇಕ ತಯಾರಿಕೆ ಇತ್ತು. ಬಿಯರ್ ಅಲ್ಲಿ ವಿಲಾಸವಾಗಿರಲಿಲ್ಲ. ರೊಟ್ಟಿಯಂತೆ ಧಾನ್ಯದಿಂದ ಬಂದ ದಿನಬಳಕೆಯ ಆಹಾರವಾಗಿತ್ತು.

ಆ ಕಾಲದ ಬಿಯರಿಗೆ ಗ್ರೂಟ್ ಎಂಬ ಗಿಡಮೂಲಿಕೆಗಳ ಮಿಶ್ರಣವನ್ನು ಬೆರೆಸುತ್ತಿದ್ದರು. ಜೌಗು ನೆಲದಲ್ಲಿ ಬೆಳೆಯುವ ಸುವಾಸನೆಯ ಪೊದೆಗಳು, ಕಹಿ ಎಲೆಗಳು ಅದರಲ್ಲಿ ಸೇರಿರುತ್ತಿದ್ದವು. ಗ್ರೂಟನ್ನು ತಯಾರಿಸಿ ಮಾರುವ ಹಕ್ಕು ಹಲವೆಡೆ ಅರಸರ ಮತ್ತು ಬಿಷಪರ ಕೈಯಲ್ಲಿತ್ತು. ಅದರಿಂದ ಬರುತ್ತಿದ್ದ ವರಮಾನವೂ ಅವರದೇ. ಹೀಗೆ ಮಡಕೆಗೆ ಏನು ಸೇರಿಸಬೇಕೆಂಬುದು ರುಚಿಯ ಪ್ರಶ್ನೆಯಷ್ಟೇ ಆಗಿರದೆ ತೆರಿಗೆಯ ಪ್ರಶ್ನೆಯೂ ಆಗಿತ್ತು.

ಇದನ್ನು ಬದಲಿಸಿದ್ದು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು. ಜರ್ಮನಿಯ ಸಂತ ಹಿಲ್ಡೆಗಾರ್ಡ್ (1098–1179) ಒಬ್ಬ ಮಠಾಧ್ಯಕ್ಷೆ, ಸಂಗೀತಕಾರ್ತಿ, ವೈದ್ಯಶಾಸ್ತ್ರವನ್ನು ಬಲ್ಲವರು. 2012ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು. ಗಿಡಮೂಲಿಕೆಗಳ ಕುರಿತ ತಮ್ಮ ಗ್ರಂಥದಲ್ಲಿ ಅವರು ಹಾಪ್ಸಿನ ಕಹಿಯು ಪಾನೀಯವನ್ನು ಬಹುಕಾಲ ಕೆಡದಂತೆ ಕಾಯುತ್ತದೆ ಎಂದು ದಾಖಲಿಸಿದ್ದಾರೆ. ಅದು ಮನುಷ್ಯನ ಮನಸ್ಸಿಗೆ ಖಿನ್ನತೆಯನ್ನು ತರುತ್ತದೆಂದೂ ಎಚ್ಚರಿಸಿದ್ದಾರೆ. ಹಾಪ್ಸಿನ ಕಹಿ ಅಂಶಗಳು ಪಾನೀಯವನ್ನು ಹುಳಿಗೆಡಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಸೂಕ್ಷ್ಮಜೀವಿಗಳ ಅರಿವಿಲ್ಲದ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಸನ್ಯಾಸಿನಿ ಕೇವಲ ಸೂಕ್ಷ್ಮ ನೋಟದಿಂದ ಅದನ್ನು ಕಂಡುಕೊಂಡಿದ್ದರು.

1516ರಲ್ಲಿ ಬವೇರಿಯದ ಡ್ಯೂಕರು ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಬಳಸಕೂಡದೆಂದು ಕಟ್ಟಳೆ ಮಾಡಿದರು. ಅದರಲ್ಲಿ ಯೀಸ್ಟಿನ ಹೆಸರಿಲ್ಲ. ಯೀಸ್ಟ್ ಒಂದು ಜೀವಿಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದರ ಕಾರ್ಯವನ್ನು ಲೂಯಿ ಪಾಶ್ಚರ್ ವಿವರಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಿಯರಿನ ಕುರಿತ ಅವರ ಗ್ರಂಥ ಹೊರಬಂದದ್ದು 1876ರಲ್ಲಿ. ಬವೇರಿಯದ ಕಟ್ಟಳೆಯ ಹಿಂದೆ ಶುದ್ಧತೆಯ ಕಾಳಜಿಯ ಜೊತೆಗೆ ಮತ್ತೊಂದು ಉದ್ದೇಶವಿತ್ತೆಂದು ಚರಿತ್ರಕಾರರು ಹೇಳುತ್ತಾರೆ: ಗೋಧಿ ಮತ್ತು ರೈ ಧಾನ್ಯ ಬಡವರ ರೊಟ್ಟಿಗೆ ಉಳಿಯಬೇಕಾಗಿತ್ತು. ಊಟದ ಧಾನ್ಯವು ಕುಡಿತದ ಪಾಲಾಗಬಾರದೆಂಬ ಆ ವಿವೇಕ ಇಂದಿಗೂ ಯೋಚಿಸಬೇಕಾದದ್ದು.

ಬೆಲ್ಲ ಮತ್ತು ಬಿಳಿಜಾಲಿಯ ತೊಗಟೆ

ಈಗ ನಮ್ಮ ನಾಡಿಗೆ ಬರೋಣ. ಟಿಪ್ಪು ಸುಲ್ತಾನನು ತನ್ನ ಆಡಳಿತದಲ್ಲಿ ಮದ್ಯವನ್ನು ನಿಷೇಧಿಸಲು ಯತ್ನಿಸಿದ್ದು ಪ್ರಸಿದ್ಧ ಸಂಗತಿ. ಬೊಕ್ಕಸಕ್ಕೆ ನಷ್ಟವಾದರೂ ಸರಿ, ಪ್ರಜೆಗಳ ಹಿತ ಮುಖ್ಯವೆಂಬ ನಿಲುವು ಅವನ 1787ರ ಪತ್ರವೊಂದರಲ್ಲಿ ವ್ಯಕ್ತವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬ್ರಿಟಿಷ್ ಸೈನ್ಯ ನೆಲೆಯೂರಿತು. ಮಲೇರಿಯಾದ ಕಾಟದಿಂದ 1809ರ ಸುಮಾರಿಗೆ ಅದು ಬೆಂಗಳೂರಿನತ್ತ ಸಾಗುವವರೆಗೂ ದ್ವೀಪ ಒಂದು ದಂಡಿನ ಊರಾಗಿತ್ತು. ಪಕ್ಕದ ಹಿರೋಡೆಯೂ ಹಾಗೆಯೇ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಅದಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಅಂಟಿತ್ತು. ಅದೇ ಇಂದಿನ ಪಾಂಡವಪುರ. ಆ ಕಾಲದ ಐರೋಪ್ಯ ಸೈನಿಕನಿಗೆ ಮದ್ಯವು ಪಡಿತರದ ಭಾಗವಾಗಿತ್ತು.

ಬೆಲ್ಲದಿಂದ ಭಟ್ಟಿಯಿಳಿಸುವ ಸಾರಾಯಿಗೆ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಸೇರಿಸುತ್ತಿದ್ದ ವಸ್ತು ಬಿಳಿಜಾಲಿ ಮರದ ತೊಗಟೆ. ಬಯಲುಸೀಮೆಯ ಬೇಲಿಗಳಲ್ಲಿ, ಹುಲ್ಲುಗಾವಲುಗಳಲ್ಲಿ ಕಾಣುವ, ಬಿಳಿಚಿದ ಕಾಂಡದ ಮುಳ್ಳಿನ ಮರವಿದು. ತಮಿಳಿನಲ್ಲಿ ಅದಕ್ಕೆ ಸಾರಾಯಿ ತೊಗಟೆಯ ಮರವೆಂಬ ಅರ್ಥದ ಹೆಸರಿದೆ. ಇಂಗ್ಲಿಷರೂ ಭಟ್ಟಿಯವರ ಜಾಲಿ ಎಂಬರ್ಥದ ಹೆಸರನ್ನು ಕೊಟ್ಟರು. ತೊಗಟೆಯ ಒಗರು ಅಂದರೆ ಟ್ಯಾನಿನ್, ಹುಳಿಗಷಾಯದಲ್ಲಿನ ಪ್ರೋಟೀನುಗಳನ್ನು ಗಷ್ಟುಗಟ್ಟಿಸಿ ತಳಕ್ಕಿಳಿಸುತ್ತದೆ. ಯೂರೋಪಿನಲ್ಲಿ ಹಾಪ್ಸ್ ಹೂವಿಗೆ ದೊರೆತ ಸ್ಥಾನವೇ ಇಲ್ಲಿ ಈ ತೊಗಟೆಗೆ ದೊರೆಯಿತು. ಕೌಟಿಲ್ಯನ ತೊಗಟೆ ಮತ್ತು ಬೆಲ್ಲದ ಜೋಡಿ, ಗಿಡ ಬೇರೆಯಾದರೂ, ಸಾವಿರಾರು ವರ್ಷ ದಾಟಿ ಬಂದಂತಿದೆ.

ಬೆಲ್ಲವಂತೂ ಇಲ್ಲಿನ ಮಣ್ಣಿನ ಸಂಪತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿನ ಬೇಸಾಯ ಮತ್ತು ಬೆಲ್ಲ, ಸಕ್ಕರೆಗಳ ತಯಾರಿಕೆಯನ್ನು ವಿವರವಾಗಿ ಬರೆದಿದ್ದಾನೆ. 1807ರಲ್ಲಿ ಅವನ ಪ್ರವಾಸಕಥನ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಗಿ ರೈತರ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧೀಕರಿಸಿತು. ಮುಂದೆ ಕೃಷ್ಣರಾಜಸಾಗರದ ನಾಲೆಯ ನೀರು ಹರಿದು, 1930ರ ದಶಕದಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಕಬ್ಬನ್ನು ನುರಿಸತೊಡಗಿದ ಮೇಲೆ ಜಿಲ್ಲೆಯ ಚಹರೆಯೇ ಬದಲಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಮದ್ಯಸಾರದ ಕಾರ್ಖಾನೆಗಳ ಕಚ್ಚಾವಸ್ತುವಾಯಿತು. ಹೀಗೆ ಹಿಂದೆ ಊರ ಹೊರಗಿನ ಸಣ್ಣ ಭಟ್ಟಿಯಲ್ಲಿ ನಡೆಯುತ್ತಿದ್ದ ಕೆಲಸ ಕಾರ್ಖಾನೆ, ಗುತ್ತಿಗೆದಾರ ಮತ್ತು ಅಬಕಾರಿ ಇಲಾಖೆಗಳ ಕೈಗೆ ಹೋಯಿತು. ಮಾಡುವವನ ಮುಖವನ್ನು ಕುಡಿಯುವವನು ಕಾಣದ ಕಾಲ ಬಂದಿತು.

ಇದೇ ಶ್ರೀರಂಗಪಟ್ಟಣದ ಪರಿಸರದಲ್ಲಿ ಧರ್ಮಸೇವೆ ಮಾಡಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ಇಲ್ಲಿ ನೆನೆಯಬೇಕು. ಸಿಡುಬಿನ ಲಸಿಕೆಯನ್ನು ಜನರಿಗೆ ತಲುಪಿಸಲು ಶ್ರಮಿಸಿದ ಅವರು, 1823ರಲ್ಲಿ ಭಾರತವನ್ನು ಬಿಡುವ ಮುನ್ನ ಇಲ್ಲಿನ ಜನರ ಆಚಾರವಿಚಾರಗಳ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದ್ದರು. ಅಮಲಿನ ಪಾನವನ್ನು ಇಲ್ಲಿನ ಮೇಲ್ಜಾತಿಗಳ ಜನ ಎಷ್ಟು ಹೇಯವೆಂದು ಭಾವಿಸುತ್ತಿದ್ದರೆಂಬುದನ್ನೂ, ಐರೋಪ್ಯರ ಕುಡಿತವು ಅವರನ್ನು ಜನರ ಕಣ್ಣಲ್ಲಿ ಎಷ್ಟು ಕೀಳಾಗಿಸಿತ್ತೆಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಕ್ರೈಸ್ತರೆಂದರೆ ಕುಡಿಯುವವರು ಎಂಬ ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಅದರ ಬೇರು ಎರಡು ಶತಮಾನಗಳ ಹಿಂದಿನ ದಂಡಿನ ಬೀದಿಗಳಲ್ಲಿದೆ.

ಒಂದಿಷ್ಟು ಸುಣ್ಣದ ಮಹಿಮೆ

ಸೇರ್ಪಡೆಯೆಂದರೆ ಅಮಲನ್ನು ಹೆಚ್ಚಿಸುವುದೇ ಎಂದು ಭಾವಿಸಬೇಕಾಗಿಲ್ಲ. ಅಮಲನ್ನು ತಡೆಯುವ ಸೇರ್ಪಡೆಯೂ ಇದೆ. ತೆಂಗು ಅಥವಾ ಈಚಲು ಮರಕ್ಕೆ ಕಟ್ಟುವ ಮಡಕೆಯ ಒಳಮೈಗೆ ಸುಣ್ಣ ಬಳಿದರೆ ರಸದಲ್ಲಿ ಕ್ಷಾರಗುಣ ಬಂದು ಯೀಸ್ಟಿನ ಕೆಲಸ ಕುಂಠಿತವಾಗುತ್ತದೆ. ಆಗ ಇಳಿಯುವುದು ನೀರಾ. ಸುಣ್ಣವಿಲ್ಲದ ಮಡಕೆಯಲ್ಲಿ ಅದೇ ರಸ ಕೆಲವು ತಾಸುಗಳಲ್ಲಿ ಹೆಂಡ. ಮರ ಒಂದೇ, ಹೊಂಬಾಳೆ ಒಂದೇ, ಕೈಯೂ ಒಂದೇ. ಮಧ್ಯೆ ಇರುವುದು ಒಂದಿಷ್ಟು ಸುಣ್ಣ ಮಾತ್ರ. ಗಾಂಧೀಜಿಯವರು ಮದ್ಯಪಾನದ ಕಡು ವಿರೋಧಿಯಾಗಿದ್ದೂ ನೀರಾವನ್ನೂ ಅದರಿಂದ ಮಾಡುವ ಬೆಲ್ಲವನ್ನೂ ಪ್ರೋತ್ಸಾಹಿಸಿದ್ದು ಈ ಕಾರಣಕ್ಕೆ.

ಈ ಸುಣ್ಣದ ಗೆರೆ ನಮ್ಮ ರಾಜ್ಯದಲ್ಲಿ ರಕ್ತವನ್ನೂ ಕಂಡಿದೆ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿರೋಗ ಬಂದು ಕಾಯಿಗಳು ಕುಗ್ಗಿ ಬೆಳೆಗಾರರು ನಷ್ಟಕ್ಕೊಳಗಾದರು. ನೀರಾ ಇಳಿಸಿ ಮಾರಲು ಅವಕಾಶ ಕೊಡಿ ಎಂದು ರೈತರು ಕೇಳಿದರು. ಅಬಕಾರಿ ಕಾನೂನು ಅಡ್ಡ ನಿಂತಿತು. ರೈತ ಸಂಘ ನೀರಾ ಚಳವಳಿಯನ್ನು ಕೈಗೊಂಡಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನಡೆದ ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ರೈತ ಸಂಘದ ಮುಂಚೂಣಿಯ ನಾಯಕರಲ್ಲೊಬ್ಬರಾಗಿ, ಮುಂದೆ ಅದರ ಅಧ್ಯಕ್ಷರೂ ಆದ ದಿವಂಗತ ಕೆ.ಎಸ್. ಪುಟ್ಟಣ್ಣಯ್ಯನವರ (1949–2018) ಊರು ಇದೇ ಕ್ಯಾತನಹಳ್ಳಿ. ನೀರಾಕ್ಕೆ ಸರ್ಕಾರ ಪರವಾನಗಿಯ ದಾರಿ ತೆರೆದದ್ದು ವರ್ಷಗಳ ನಂತರ. ತನ್ನ ಮರದ ರಸಕ್ಕೆ ತಾನು ಏನನ್ನು ಬೆರೆಸುತ್ತೇನೆ ಎಂಬುದನ್ನು ರೈತ ಹೇಳಿದರೆ ನಂಬಬಹುದೇ ಎಂಬುದೇ ಆ ವಾದದ ತಿರುಳಾಗಿತ್ತು.

ಬೆರಕೆ ಮೋಸವಾದಾಗ

ಅಪನಂಬಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಕಮಾರಿ ಎಂಬ ಬಳ್ಳಿ ಬೆಳೆಯುತ್ತದೆ. ಅದರ ಕಾಯಿ ವಿಷಕಾರಿ. ಹೊಳೆಯಲ್ಲಿ ಮೀನುಗಳನ್ನು ಮಂಕುಗೊಳಿಸಿ ಹಿಡಿಯಲು ಅದನ್ನು ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಕಾಯಿ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಕೆಲವು ಬಿಯರ್ ತಯಾರಕರು ಬಾರ್ಲಿಯನ್ನು ಕಡಿಮೆ ಹಾಕಿ, ಅಮಲಿನ ಭ್ರಮೆ ಬರಲೆಂದು ಈ ವಿಷವನ್ನು ಬೆರೆಸುತ್ತಿದ್ದರು. 1820ರಲ್ಲಿ ಫ್ರೆಡ್ರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞನು ಆಹಾರ ಕಲಬೆರಕೆಯ ಕುರಿತು ಬರೆದ ಪುಸ್ತಕದಲ್ಲಿ ಇದನ್ನು ಬಯಲಿಗೆಳೆದನು. ನಮ್ಮ ಕಾಡಿನ ಕಾಯಿ ಲಂಡನ್ನಿನ ಕೂಲಿಕಾರನ ಬಟ್ಟಲಲ್ಲಿ ವಿಷವಾಗಿದ್ದ ಕಥೆಯಿದು.

ನಮ್ಮಲ್ಲಿಯೂ ಅದೇ ನಡೆಯಿತು. ಮರದಿಂದ ಇಳಿದ ಹೆಂಡ ಬೇಡಿಕೆಗೆ ಸಾಲದಾದಾಗ ನೀರಿಗೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ಬರಿಸುವ ರಾಸಾಯನಿಕವನ್ನು ಕಲಸಿ ಹೆಂಡವೆಂದು ಮಾರುವ ದಂಧೆ ತೆಲಂಗಾಣದಲ್ಲಿಯೂ ನಮ್ಮ ರಾಯಚೂರು ಭಾಗದಲ್ಲಿಯೂ ಬೇರೂರಿತು. ಸಾರಾಯಿಯ ಕಥೆ ಇನ್ನೂ ಘೋರ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನರು ಸತ್ತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು; ಬದುಕುಳಿದ ಹಲವರು ಕಣ್ಣು ಕಳೆದುಕೊಳ್ಳುವ ಭೀತಿ ಎದುರಿಸಿದರು.

ಹಣ್ಣನ್ನೋ ಧಾನ್ಯವನ್ನೋ ಮನೆಯಲ್ಲಿ ಹುಳಿಸಿದಾಗ ಮೀಥೈಲ್ ಆಲ್ಕೋಹಾಲ್ ಉಂಟಾದರೂ ಅದರ ಪ್ರಮಾಣ ಅತ್ಯಲ್ಪ. ಈ ಸಾಮೂಹಿಕ ಸಾವುಗಳಿಗೆ ಕಾರಣ ಕಾರ್ಖಾನೆಯ ದ್ರಾವಕವನ್ನು ಹೊರಗಿನಿಂದ ತಂದು ಸುರಿದದ್ದು. ಅದು ಹುಳಿಯುವಿಕೆಯ ತಪ್ಪಲ್ಲ, ದುರಾಸೆಯ ಫಲ. ಬೆರೆಸಿದವನು ಅದನ್ನು ತನ್ನ ಮನೆಯವರಿಗೆ ಕುಡಿಸುತ್ತಿರಲಿಲ್ಲ.

ತಗಡಿನ ಡಬ್ಬಿಯ ಬಿಯರ್

ಇಪ್ಪತ್ತನೆಯ ಶತಮಾನದಲ್ಲಿ ಮನೆಯ ಮಡಕೆ ಬೇರೊಂದು ರೂಪದಲ್ಲಿ ಮರಳಿತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಬೇಕಿದ್ದ ಪರವಾನಗಿಯನ್ನು 1963ರಲ್ಲಿ ರದ್ದುಪಡಿಸಲಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಇದಕ್ಕೆ ಅನುಮತಿಸುವ ಕಾನೂನಿಗೆ ಸಹಿ ಹಾಕಿದರು. ಆಗ ಬಳಕೆಗೆ ಬಂದದ್ದು ಬಿಯರ್ ಕಿಟ್. ಮೊಳಕೆ ಬರಿಸಿದ ಬಾರ್ಲಿಯ ರಸವನ್ನು ಹಾಪ್ಸ್ ಸಮೇತ ಕುದಿಸಿ ಪಾಕದಂತೆ ಗಟ್ಟಿಯಾಗಿಸಿ ತಗಡಿನ ಡಬ್ಬಿಯಲ್ಲಿ ತುಂಬಿರುತ್ತಾರೆ. ಜೊತೆಗೊಂದು ಯೀಸ್ಟಿನ ಪೊಟ್ಟಣ. ಸುಮಾರು ಒಂದೂವರೆಯಿಂದ ಒಂದು ಮುಕ್ಕಾಲು ಕಿಲೋ ತೂಗುವ ಡಬ್ಬಿಯ ಪಾಕಕ್ಕೆ ಒಂದು ಕಿಲೋ ಸಕ್ಕರೆ ಸೇರಿಸಿ ಇಪ್ಪತ್ಮೂರು ಲೀಟರಿನವರೆಗೆ ನೀರು ಬೆರೆಸುವುದು ವಾಡಿಕೆ.

ಆದರೆ ಎಲ್ಲ ಮನೆಯ ಬಿಯರೂ ಒಂದೇ ರುಚಿಯದಾದರೆ ಮನೆಯಲ್ಲಿ ಮಾಡುವುದರ ಅರ್ಥವೇನು? ಜನರು ಡಬ್ಬಿಯ ಮೇಲಿನ ಸೂಚನೆಯನ್ನು ಮೀರಿ ಜೇನು, ಶುಂಠಿ, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಹುರಿದ ಧಾನ್ಯಗಳನ್ನು ಸೇರಿಸತೊಡಗಿದರು. ತಿಳಿವಳಿಕೆಯುಳ್ಳವರು ಬಿಳಿ ಸಕ್ಕರೆಯ ಬದಲು ಇನ್ನಷ್ಟು ಮಾಲ್ಟ್ ಹಾಕಿದರು. ಸಕ್ಕರೆ ಅಮಲನ್ನು ಹೆಚ್ಚಿಸುತ್ತದೆಯೇ ಹೊರತು ಮೈಕಟ್ಟನ್ನು ಕೊಡುವುದಿಲ್ಲವೆಂದು ಅವರು ಕಂಡಿದ್ದರು. ಬೆಲ್ಲವಾದರೆ ತನ್ನದೇ ಬಣ್ಣ ಮತ್ತು ಸುವಾಸನೆಯನ್ನು ಬಿಡುತ್ತದೆ. ಬವೇರಿಯದ ಕಟ್ಟಳೆ ಹೊರಗಿಟ್ಟಿದ್ದ ಮಸಾಲೆಗಳೆಲ್ಲ ಹೀಗೆ ಅಡುಗೆಮನೆಯ ದಾರಿಯಿಂದ ಹಿಂದಿರುಗಿದವು. 2010ರ ನಂತರ ಬೆಂಗಳೂರಿನಲ್ಲಿ ತಲೆಯೆತ್ತಿದ ಕಿರು ಬ್ರೂವರಿಗಳು ರಾಗಿ, ಬೆಲ್ಲ, ಮಾವುಗಳನ್ನು ಬಿಯರಿಗೆ ಬೆರೆಸುತ್ತಿರುವುದೂ ಇದೇ ದಾರಿಯ ಮುಂದುವರಿಕೆ. ಮೊಳಕೆಯ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹೇರಳವಾಗಿವೆ. ಅದೇ ಗುಣದಿಂದ ನಮ್ಮ ತಾಯಂದಿರು ಎಳೆಮಕ್ಕಳಿಗೆ ಮೊಳಕೆ ರಾಗಿಯ ಸರಿ ಕುಡಿಸುತ್ತಾರೆ. ಒಂದೇ ಗುಣ ಮಗುವಿನ ಬಟ್ಟಲಿಗೂ ಮದ್ಯದ ಲೋಟಕ್ಕೂ ಹೋಗುತ್ತದೆ; ಎತ್ತ ಕಳುಹಿಸಬೇಕೆಂಬುದು ಮನುಷ್ಯನ ಆಯ್ಕೆ.

ಕ್ರಿಸ್ತಜಯಂತಿಯ ಭರಣಿ

ಕೊನೆಗೆ ನಮ್ಮ ಮನೆಗಳ ಮಾತು. ಕರಾವಳಿ, ಕೊಡಗು, ಬೆಂಗಳೂರು, ಮೈಸೂರು ಭಾಗದ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಹಬ್ಬಕ್ಕೆ ಕೆಲವು ವಾರಗಳ ಮುನ್ನ ವೈನಿನ ಭರಣಿ ಸಿದ್ಧವಾಗುವುದುಂಟು. ಕಪ್ಪು ದ್ರಾಕ್ಷಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಚಿಟಿಕೆ ಯೀಸ್ಟ್ ಇದರ ಮೂಲ. ಬೆಂಗಳೂರು ಸುತ್ತಮುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿ ಇದಕ್ಕೆ ಹೆಸರಾದದ್ದು. ಅದರ ಮೇಲೆ ಪ್ರತಿಯೊಂದು ಮನೆಯ ಸೇರ್ಪಡೆ ಬೇರೆ. ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ, ಒಣದ್ರಾಕ್ಷಿ, ಬಣ್ಣಕ್ಕೆ ಸುಟ್ಟ ಸಕ್ಕರೆ, ತಿಳಿಯಾಗಲು ಮೊಟ್ಟೆಯ ಬಿಳಿ. ಕೊಡಗಿನಲ್ಲಿ ನೆಲ್ಲಿಕಾಯಿ, ವೀಳ್ಯದೆಲೆಗಳಿಂದಲೂ ವೈನ್ ಮಾಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವುದು, ಇಪ್ಪತ್ತೊಂದು ದಿನಗಳಾದ ಮೇಲೆ ಬಟ್ಟೆಯಲ್ಲಿ ಸೋಸುವುದು ಅಜ್ಜಿಯಂದಿರಿಂದ ಬಂದ ಕ್ರಮ. ಈ ಪಾಕಪಟ್ಟಿಗಳು ಕೌಟಿಲ್ಯನ ಸಂಭಾರಗಳ ಪಟ್ಟಿಗೆ ದೂರದವೇನಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ಪೀಠದ ಮೇಲಿನ ದ್ರಾಕ್ಷಾರಸ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯ ಪ್ರಕಾರ ಅದು ದ್ರಾಕ್ಷಿಯ ಫಲದಿಂದಲೇ ಬಂದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಪೂಜೆಯಲ್ಲಿ ಅದಕ್ಕೆ ಸೇರುವುದು ಸ್ವಲ್ಪ ನೀರು ಮಾತ್ರ. ಅನ್ಯ ಪದಾರ್ಥದ ಬೆರಕೆ ಕೂಡದೆಂದು 2004ರ ರೋಮಿನ ಸೂಚನಾಪತ್ರವೂ ಸ್ಪಷ್ಟಪಡಿಸಿತು. ಮನೆಯ ಭರಣಿಯಲ್ಲಿ ಏಲಕ್ಕಿಗೂ ಲವಂಗಕ್ಕೂ ಎಡೆಯಿದೆ, ಪಾನಪಾತ್ರೆಯಲ್ಲಿ ಇಲ್ಲ. ಎರಡರ ನಡುವಣ ಈ ಗೆರೆಯನ್ನು ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕು.

ಕಾನೂನಿನ ಗೆರೆಯೂ ಇದೆ. 1965ರ ಕರ್ನಾಟಕ ಅಬಕಾರಿ ಕಾಯಿದೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸುತ್ತದೆ. ಕೌಟಿಲ್ಯನು ಗೃಹಸ್ಥನಿಗೆ ಕೊಟ್ಟ ಹಬ್ಬದ ವಿನಾಯಿತಿಯನ್ನು ಇಂದು ತಾನಾಗಿಯೇ ಇದೆಯೆಂದು ಭಾವಿಸುವಂತಿಲ್ಲ. 2019ರ ಕ್ರಿಸ್ತಜಯಂತಿಗೆ ಮುನ್ನ ನೆರೆಯ ಕೇರಳದಲ್ಲಿ ಮನೆಯ ವೈನ್ ಕೂಡ ಅಪರಾಧವಾಗಬಹುದೆಂದು ಅಬಕಾರಿ ಇಲಾಖೆ ಎಚ್ಚರಿಸಿದಾಗ ಅನೇಕರು ಬೆರಗಾದರು. ಹುಳಿಸದೆ, ಶುಂಠಿ, ಮಸಾಲೆ, ದ್ರಾಕ್ಷಿಗಳನ್ನು ಕುದಿಸಿ ಹಬ್ಬದ ದಿನವೇ ಬಡಿಸುವ ಪಾನಕ ಅನೇಕ ಮನೆಗಳಲ್ಲಿದೆ. ಅದಕ್ಕೆ ಕಾನೂನಿನ ತೊಡಕಿಲ್ಲ. ಮಗುವಿನಿಂದ ಮುದುಕರವರೆಗೆ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬಹುದು.

ಪ್ರಿಯ ಓದುಗರೇ, ಈ ದೀರ್ಘ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಮಾಡಿದವರೂ ಕುಡಿದವರೂ ಒಂದೇ ಮನೆಯವರಾಗಿದ್ದಾಗ ಮಡಕೆಗೆ ಬಿದ್ದದ್ದು ಬೆಲ್ಲ, ತೊಗಟೆ, ಹೂವು, ಮಸಾಲೆ. ಅವರಿಬ್ಬರೂ ಪರಸ್ಪರ ಅಪರಿಚಿತರಾದಾಗ, ಮಧ್ಯೆ ಲಾಭವೊಂದೇ ಉಳಿದಾಗ, ಬಿದ್ದದ್ದು ಕಾಕಮಾರಿ, ಕ್ಲೋರಲ್, ಮೀಥೈಲ್ ಆಲ್ಕೋಹಾಲ್. ಆದರೆ ಮನೆಯ ಮಡಕೆ ಶುದ್ಧವಾದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಆರೋಗ್ಯಕ್ಕೆ ಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮದ್ಯ ಬಿಡಲು ಹೆಣಗುತ್ತಿರುವ ಒಬ್ಬ ತಂದೆಗೆ, ಒಬ್ಬ ಅಣ್ಣನಿಗೆ ಹಬ್ಬದ ದಿನ ಮನೆಯವರೇ ಪ್ರೀತಿಯಿಂದ ಕೊಟ್ಟ ಒಂದು ಲೋಟ ಸಾಕು, ವರ್ಷದ ಪ್ರಯತ್ನ ಮಣ್ಣುಪಾಲಾಗಲು. ಅಂಥ ಮನೆಗೆ ಲವಂಗದ ವೈನೂ ಒಂದೇ, ಅಂಗಡಿಯ ಬಾಟಲಿಯೂ ಒಂದೇ.

ಆದ್ದರಿಂದ ಈ ಬಾರಿ ಹಬ್ಬಕ್ಕೆ ಪಾತ್ರೆಯನ್ನು ತೊಳೆದು ಒಲೆಯ ಬಳಿ ಇಡುವ ಮುನ್ನ ಅದಕ್ಕೆ ಏನೇನು ಹಾಕಬೇಕೆಂದು ಯೋಚಿಸುವುದರ ಜೊತೆಗೆ, ನಮ್ಮ ಮೇಜಿನ ಸುತ್ತ ಯಾರು ಯಾರು ಕೂರುತ್ತಾರೆಂಬುದನ್ನೂ ಒಮ್ಮೆ ಎಣಿಸಿಕೊಳ್ಳೋಣ. ಅವರಲ್ಲಿ ಒಬ್ಬರಿಗೆ ಕೆಡುಕಾಗುವಂತಿದ್ದರೆ ಆ ವರ್ಷ ಭರಣಿಯನ್ನು ಅಟ್ಟದ ಮೇಲೆಯೇ ಬಿಟ್ಟು ಶುಂಠಿ ಬೆಲ್ಲದ ಪಾನಕ ಕುದಿಸೋಣ. ಕ್ಯಾತನಹಳ್ಳಿ ಸೀಮೆಯ ಒಳ್ಳೆಯ ಬೆಲ್ಲ ಅದಕ್ಕೂ ಚೆನ್ನಾಗಿ ಹೊಂದುತ್ತದೆ.